ಇಳಿಸುವ ಕೈ

ನಮ್ಮೂರಲ್ಲಿ ಹೆಂಗಸು ಇಳಿಸಿದ ಉಪ್ಪು ಕಡಿಮೆ ತೂಗುತ್ತಿತ್ತು, ಗಂಡಸು ಇಳಿಸಿದ್ದು ಪೂರ್ತಿ ತೂಗುತ್ತಿತ್ತು. ಬುಟ್ಟಿ ಅದೇ, ಉಪ್ಪು ಅದೇ, ಕಾಟಾ ಅದೇ. ಸವಳು ಕೆರೆಯ ಮಡಿಗಳಲ್ಲಿ ಬಗ್ಗಿ ನಿಂತು ಉಪ್ಪು ಕೆರೆದವರು ಯಾರು, ಬಿಸಿಲಲ್ಲಿ ಏರಿಯುದ್ದಕ್ಕೂ ಹೊತ್ತು ತಂದವರು ಯಾರು ಎಂದು ಕಾಟಾ ಕೇಳುತ್ತಿರಲಿಲ್ಲ. ಕಡೆಗೆ ತನ್ನ ತಟ್ಟೆಯ ಮೇಲೆ ಇಳಿಸಿದ ಕೈ ಯಾರದು ಎಂಬುದಷ್ಟೇ ಅದಕ್ಕೆ ಬೇಕಾಗಿತ್ತು. ನನ್ನ ಅಜ್ಜಿಯ ಕಾಲದಲ್ಲಿ ತಕ್ಕಡಿ ಇತ್ತಂತೆ, ಅದೂ ಹೀಗೇ ತೂಗುತ್ತಿತ್ತಂತೆ. ಆಮೇಲೆ ಸಾವಕಾರರು ಎಲ್ಲಿಂದಲೋ ಕಬ್ಬಿಣದ ಕಾಟಾ ತರಿಸಿದರು. ಅಲ್ಲಿ ಸರಿಯಾಗಿದ್ದದ್ದು ನಮ್ಮೂರ ನೆಲ ಮುಟ್ಟಿದ ದಿನದಿಂದ ನಮ್ಮೂರಿನದೇ ಆಯಿತು.

ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೂಲಿ ತೂಕದ ಮೇಲೆ ಇತ್ತಾದ್ದರಿಂದ ಒಂದು ರೂಢಿ ಮಾಡಿಕೊಂಡಿದ್ದರು. ಅದಕ್ಕೆ ಕೈಬದಲಿ ಎನ್ನುತ್ತಿದ್ದರು. ಹೆಂಗಸು ಬುಟ್ಟಿ ಹೊತ್ತು ತೂಕದ ಕಟ್ಟೆಯವರೆಗೆ ಬರುವುದು. ಅಲ್ಲಿ ಹಾಸಿದ ಹಲಗೆಯ ತುದಿಯಲ್ಲಿ ಗಂಡನೋ ಅಣ್ಣನೋ ಮಗನೋ ಅದನ್ನು ಇಸಿದುಕೊಂಡು, ನಾಲ್ಕು ಹೆಜ್ಜೆ ನಡೆದು, ಕಾಟಾದ ಮೇಲೆ ಇಡುವುದು. ಕಟ್ಟೆಯ ಪಕ್ಕದ ಬೇವಿನ ನೆರಳಲ್ಲಿ ಗಂಡಸರು ಸಾಲಾಗಿ ಮಲಗಿರುತ್ತಿದ್ದರು. ಯಾರದಾದರೂ ಹೆಂಡತಿ ಏರಿಯ ಮೇಲೆ ಕಂಡಳೆಂದರೆ ಪಕ್ಕದವನು ಅವನನ್ನು ತಿವಿದು ಎಬ್ಬಿಸುತ್ತಿದ್ದ. “ಏಳೋ, ನಿನ್ನ ಕೆಲಸ ಬರ್ಲಿಕ್ಕತ್ತದ.” ಅವನು ಎದ್ದು, ಇಳಿಸಿ, ಕೈ ಒರೆಸಿಕೊಂಡು ಮತ್ತೆ ಮಲಗುತ್ತಿದ್ದ. ಹೆಣ್ಣು ಕೊಡುವವರು ಹುಡುಗ ಏನು ಮಾಡುತ್ತಾನೆಂದು ಕೇಳಿದರೆ, “ಎರಡೂ ಕೈ ಗಟ್ಟಿ ಅದಾವ” ಎಂದರೆ ಸಾಕಿತ್ತು.

ಒಮ್ಮೆ ನರ್ಸಬಾಯಿ ಕೂಸುಗಳನ್ನು ತೂಗಲು ಬಂದಳು. ತಾಯಂದಿರು ತಕ್ಕಡಿಯಲ್ಲಿ ಮಲಗಿಸಿದ ಕೂಸುಗಳೆಲ್ಲ ತೀರ ಬಡಕಲು ಬಂದವು. ಮೇಲಿನವರು ಗಾಬರಿಯಾಗಿ ಹಾಲಿನ ಪುಡಿಯ ಚೀಲ ಕಳಿಸಿದರು. ಅಪ್ಪಂದಿರು ಮಲಗಿಸಿದರೆ ಕೂಸು ಸರಿಯಾಗಿ ತೂಗುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಪುಡಿ ಬರುವುದು ನಿಂತುಹೋದೀತೆಂದು ಆಮೇಲೂ ತಾಯಂದಿರೇ ಮಲಗಿಸಿದರು.

ನನಗೆ ಮನೆಯಲ್ಲಿ ಯಾರೂ ಇಲ್ಲ. ಶಾಲೆಗೆ ಎರಡು ಮಳೆಗಾಲ ಹೋದವನು, ಮೂರನೆಯದಕ್ಕೆ ಅವ್ವನ ಬುಟ್ಟಿ ಇಳಿಸಲು ಕಟ್ಟೆಗೆ ಬಂದೆ. ಅವ್ವ ತೀರಿಕೊಂಡ ಮೇಲೂ ರೂಢಿಯ ಮೇಲೆ ಬೆಳಿಗ್ಗೆ ಎದ್ದು ಹೋಗಿ ಹಲಗೆಯ ತುದಿಯಲ್ಲಿ ನಿಂತಿದ್ದೆ. ಕರೆವ್ವ ಎಂಬ ಹೆಂಗಸು, ಗಂಡ ಸತ್ತು ವರ್ಷವೂ ಆಗಿರಲಿಲ್ಲ, ನನ್ನ ಮುಂದೆ ಬಂದು ಬುಟ್ಟಿ ಚಾಚಿದಳು. “ನಿಂತೀಯಲ್ಲ ಹೆಂಗಿದ್ರೂ. ಹಿಡಿ” ಎಂದಳು. ಹಿಡಿದೆ. ಅಂದಿನಿಂದ ಗಂಡ ಸತ್ತವರು, ಗಂಡ ಬಿಟ್ಟವರು, ಮದುವೆಯೇ ಆಗದವರು, ಎಲ್ಲರ ಬುಟ್ಟಿಯೂ ನನ್ನ ಕೈಗೆ ಬರತೊಡಗಿತು. ಒಂದೊಂದು ಬುಟ್ಟಿಗೆ ಒಂದು ಹಿಡಿ ಉಪ್ಪು ಕೊಡುತ್ತಿದ್ದರು. ಅದನ್ನು ಮಾರಿ ಜೋಳ ತರುತ್ತಿದ್ದೆ. ಊರಲ್ಲಿ ನನ್ನ ಹೆಸರು ಕೈ ದ್ಯಾಮಪ್ಪ ಎಂದಾಯಿತು.

ಬುಟ್ಟಿ ಅವರ ತಲೆಯಿಂದ ನನ್ನ ಕೈಗೆ ಬರುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಆ ಒಂದು ಗಳಿಗೆಯಲ್ಲಿ ಅವರು ಏನಾದರೂ ಒಂದು ಮಾತು ಬಿಟ್ಟು ಹೋಗುತ್ತಿದ್ದರು. “ಕಾಲಾಗ ಮುಳ್ಳು ಮುರದದ.” ಮುಂದಿನ ಬುಟ್ಟಿಗೆ ಬಂದಾಗ, “ತಗದೆ.” ಇನ್ನೊಬ್ಬಳು, “ಮಗಳು ಬಸರಂತ.” ಮತ್ತೊಬ್ಬಳು, “ರಾತ್ರಿ ನಿದ್ದಿಲ್ಲ.” ನಿಂತು ಮಾತಾಡಲು ಯಾರಿಗೂ ಹೊತ್ತಿರುತ್ತಿರಲಿಲ್ಲ, ಹಿಂದೆ ಸಾಲು ಇರುತ್ತಿತ್ತು. ನಾನೂ “ಹೂಂ” ಎನ್ನುವಷ್ಟರಲ್ಲಿ ಅವರು ತಿರುಗಿರುತ್ತಿದ್ದರು. ಸಂಜೆ ಒಲೆಯ ಮುಂದೆ ಕೂತು ಅವರವರ ಮಾತುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದೆ. ಹಾಗೆ ಜೋಡಿಸಿ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿದುಕೊಳ್ಳುತ್ತಿದ್ದೆ. ಯಾರ ಮನೆಗೂ ಹೋದವನಲ್ಲ. ನನ್ನ ಮನೆಗೂ ಯಾರೂ ಬಂದವರಲ್ಲ.

ಒಬ್ಬಳು ಮಾತ್ರ ನನ್ನ ಕೈಗೆ ಬುಟ್ಟಿ ಕೊಡಲಿಲ್ಲ. ಹುಲಿಗೆವ್ವ. ಅವಳ ಗಂಡ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಹೋದ. ಅವಳು ಮಾರನೆಯ ದಿನವೇ ಮಡಿಗೆ ಬಂದಳು. ಹಲಗೆಯ ತುದಿಗೆ ಬಂದಾಗ ನಾನು ಕೈ ಚಾಚಿದೆ. ಅವಳು ನಿಲ್ಲಲಿಲ್ಲ. ನನ್ನ ಪಕ್ಕದಿಂದ ಹಾದು ತಾನೇ ಕಾಟಾದ ಮೇಲೆ ಇಳಿಸಿದಳು. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಟ್ಟಿತು. ತೂಕದ ಬಸಲಿಂಗಪ್ಪ, “ಯಾಕ ಯವ್ವಾ, ಉಪ್ಪೇನ್ ಪುಗಸಟ್ಟೆ ಬಂದದೇನ್? ದ್ಯಾಮಣ್ಣನ ಕೈಗೆ ಕೊಡು” ಎಂದ.

“ನಾನು ಹೊತ್ತದ್ದು ನಾನ ಇಳಸ್ತೇನಿ” ಎಂದಳು.

“ಕಡಿಮಿ ಬೀಳ್ತದಲ್ಲ!”

“ಬೀಳ್ಲಿ. ನನ್ನದು ಬೀಳ್ತದ.”

ಬೇವಿನ ನೆರಳಿನವರು ನಕ್ಕರು. ಹೆಂಗಸರೂ ನಕ್ಕರು. ಆಮೇಲಿನ ವರ್ಷಗಳಲ್ಲೂ ಅವಳು ಹಾಗೇ ಹಾದು ಹೋದಳು. ನಾನೂ ಪ್ರತಿಸಲ ಕೈ ಚಾಚುತ್ತಿದ್ದೆ, ಅದೊಂದು ಅಭ್ಯಾಸವಾಗಿತ್ತು. ಅವಳ ಮನೆಯ ಸುದ್ದಿ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ.

ಅಂಬುಜಾ ಮೇಡಂ ಎಂಬವಳು ಬಂದದ್ದು ಒಂದು ಚಳಿಗಾಲದಲ್ಲಿ. ಯಾವುದೋ ದೊಡ್ಡ ಊರಿನ ಸಂಸ್ಥೆಯವಳು. ಗಂಡಸರು, ಹೆಂಗಸರು ಯಾವ ಊರಲ್ಲಿ ಯಾವ ಕೆಲಸ ಮಾಡುತ್ತಾರೆ, ಯಾರಿಗೆಷ್ಟು ಕೂಲಿ ಸಿಗುತ್ತದೆ, ಹೆಚ್ಚುಕಡಿಮೆ ಏಕೆ ಆಗುತ್ತದೆ ಎಂದು ಅಭ್ಯಾಸ ಮಾಡುವುದೇ ಅವಳ ಉದ್ಯೋಗವಂತೆ. ಹುಲಿಗೆವ್ವನ ಮನೆಯಲ್ಲೇ ಇಳಿದುಕೊಂಡಳು. ಬೆಳಿಗ್ಗೆ ಏರಿಯ ಮೇಲೆ ಹೆಂಗಸರ ಜೊತೆ ನಡೆಯುತ್ತ ಕೇಳುತ್ತಿದ್ದಳು, “ನೀವು ಏನು ಕೆಲಸ ಮಾಡ್ತೀರಿ?”

“ನಾವೇನ್ ಕೆಲಸ ಮಾಡ್ತೇವ್ರೀ. ಸುಮ್ಮ ಹೊರ್ತೇವಿ.”

“ಹಾಗಾದ್ರೆ ಕೆಲಸ ಯಾರು ಮಾಡ್ತಾರೆ?”

ಅವರು ಬೇವಿನ ಕಡೆ ಕೈ ತೋರಿಸುತ್ತಿದ್ದರು. ಕುಹಕದಿಂದಲ್ಲ. ನಮ್ಮ ಮಾತಿನಲ್ಲಿ ಕೆಲಸ ಎಂದರೆ ಇಳಿಸುವುದು. ಕೆರೆಯುವುದು ಕೆರೆಯುವುದೇ, ಹೊರುವುದು ಹೊರುವುದೇ. ಅವನು ಕೆಲಸಕ್ಕೆ ಹೋಗಿದ್ದಾನೆ ಎಂದರೆ ಇಳಿಸಲು ಹೋಗಿದ್ದಾನೆ ಎಂದೇ ಅರ್ಥ. ಮೇಡಂಗೆ ಇದು ತಿಳಿಯಲು ಕೆಲವು ದಿನ ಹಿಡಿಯಿತು. ಮೊದಮೊದಲು ಈ ಊರಲ್ಲಿ ಹೆಂಗಸರಾರೂ ಕೆಲಸ ಮಾಡುವುದಿಲ್ಲ, ಗಂಡಸರೆಲ್ಲ ಮಾಡುತ್ತಾರೆ ಎಂದುಕೊಂಡಿದ್ದಳಂತೆ. ಆಮೇಲೆ ಒಂದು ದಿನ ಕಟ್ಟೆಯ ಹತ್ತಿರ ಕೂತು ನೋಡುತ್ತ ನೋಡುತ್ತ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು.

ನನ್ನನ್ನೂ ಕೇಳಿದಳು. “ನಾನು ಕೈ ಕೊಡ್ತೇನ್ರೀ” ಎಂದೆ.

ಒಂದು ಸಂಜೆ ಕಟ್ಟೆ ಖಾಲಿಯಾದ ಮೇಲೆ ಹುಲಿಗೆವ್ವ ನನ್ನ ಕಡೆಗೇ ನಡೆದು ಬಂದಳು. ಹಿಂದೆ ಮೇಡಂ ಇದ್ದಳು. ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ದ್ಯಾಮಣ್ಣ, ನಿನ್ನಿಂದ ಒಂದು ಆಗಬೇಕಿತ್ತು” ಎಂದಳು ಹುಲಿಗೆವ್ವ. “ಒಂದು ಪಕ್ಷ ಯಾರ ಬುಟ್ಟೀನೂ ಇಸಗೋಬ್ಯಾಡ.”

“ಯಾಕವ್ವಾ?”

“ಹದಿನೈದು ದಿನ ಎಲ್ಲಾರೂ ತಮ್ಮ ಬುಟ್ಟಿ ತಾವ ಇಳಸ್ತಾರ. ಎಷ್ಟು ಕಡಿಮಿ ಬೀಳ್ತದಂತ ಮೇಡಮ್ಮ ಬರಕೋತಾರ, ಅಷ್ಟು ಅವರ ಸಂಸ್ಥೆದವರು ತುಂಬಿ ಕೊಡ್ತಾರ. ಆಮ್ಯಾಲೆ ಅದನ್ನ ತೋರಿಸಿ, ತೂಕದ ಲೆಕ್ಕ ತಗದು ಬುಟ್ಟಿ ಲೆಕ್ಕ ಮಾಡ್ರಿ ಅಂತ ಸಾವಕಾರಗ ಕೇಳೂದು. ಬುಟ್ಟಿ ಯಾರು ಇಳಸಿದ್ರೂ ಬುಟ್ಟಿನ ಹೌದಲ್ಲೋ. ಗಂಡ ಇದ್ದಾಕಿಗೆ ಒಂದು, ಇಲ್ಲದಾಕಿಗೆ ಒಂದು ಅಂತ ಆಗಬಾರದು.”

“ಬುಟ್ಟಿ ಲೆಕ್ಕ ಆದ್ರ...” ಎಂದೆ.

ಮೇಡಂ ನನ್ನನ್ನು ನೋಡಿದಳು. “ನಿಮ್ಮ ಕೈ ಬೇಕಾಗೋದಿಲ್ಲ, ಗೊತ್ತು” ಎಂದಳು. “ಅದಕ್ಕೇ ಹೇಳದೆ ಮಾಡಬಾರದು ಅಂತ ಇವರು ನನ್ನ ಕರ್ಕೊಂಡು ಬಂದ್ರು.”

ಜೋಳದ ಚಿಂತೆ ನನಗೆ ಬರಲಿಲ್ಲ. ಒಂದು ಹೊಟ್ಟೆ ಎಲ್ಲಾದರೂ ತುಂಬುತ್ತದೆ. ಬುಟ್ಟಿ ಬಾರದಿದ್ದರೆ ಬೆರಳು ಬರುವುದಿಲ್ಲ, ಬೆರಳು ಬಾರದಿದ್ದರೆ ಮಾತು ಬರುವುದಿಲ್ಲ, ಸಂಜೆ ಒಲೆಯ ಮುಂದೆ ಕೂತು ನಾನು ಏನು ಜೋಡಿಸಲಿ ಎಂದು ಹೆದರಿಕೆಯಾಯಿತು. ಅದನ್ನು ಹೇಗೆ ಹೇಳುವುದು? ಹುಲಿಗೆವ್ವ ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

“ಆತು” ಎಂದೆ.

ಮಾರನೆಯ ದಿನದಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಮನೆಯಲ್ಲೇ ಇರಬಹುದಿತ್ತು, ಆದರೆ ಎಲ್ಲಿ ಇರಬೇಕೆಂದು ತಿಳಿಯಲಿಲ್ಲ. ಹೇಳಿದ್ದರೂ ಹೆಂಗಸರು ಮರೆತು ನನ್ನ ಮುಂದೆ ಬುಟ್ಟಿ ಚಾಚುತ್ತಿದ್ದರು. ಕರೆವ್ವ ಈಗ ಮುದುಕಿಯಾಗಿದ್ದಳು. ಅವಳಿಗಂತೂ ಸಿಟ್ಟು ಬಂತು. “ಏ ದ್ಯಾಮಾ, ಕೈ ಏನ್ ಬಿದ್ದು ಹೋಗ್ಯಾವೇನೋ? ಹಿಡೀ ಅಂತೇನಿ!” ನಾನು ನೆಲ ನೋಡಿದೆ. ಅವಳು ಬೈಯುತ್ತಲೇ ಹೋಗಿ ತಾನೇ ಇಳಿಸಿದಳು. ಬೇವಿನ ಕೆಳಗಿನ ಗಂಡಸರು ಮಲಗಲೂ ಆಗದೆ, ಏಳಲೂ ಆಗದೆ, ಕೂತು ಬೀಡಿ ಸೇದಿದರು. “ನಮ್ಮನ್ನ ಮನಿಯಾಗ ಇಟ್ಟು ಬರ್ರಿ ಹಂಗಾರ, ಕಸ ಹೊಡದುಕೊಂಡು ಇರ್ತೇವಿ” ಎಂದು ಒಬ್ಬ ರೇಗಿಸಿದ. “ಕಸ ಹೊಡಿಯೂದು ಬರ್ತದೇನ್ ಮೊದಲ?” ಎಂದು ಅವನ ಹೆಂಡತಿಯೇ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವತ್ತು ನನಗೆಂದು ಯಾರೂ ಒಂದು ಮಾತೂ ಬಿಟ್ಟು ಹೋಗಲಿಲ್ಲ.

ಪಕ್ಷ ಮುಗಿಯಿತು. ಮೇಡಂ ತನ್ನ ಊರಿಗೆ ಹೋಗಿ ಮೇಲಿನವರಿಗೆಲ್ಲ ತಿಳಿಸಿ ಬರುತ್ತೇನೆಂದು ಹೊರಟಳು. ಅವಳ ಬಸ್ಸು ಹೋದ ಮರುದಿನವೇ ಸಾವಕಾರ ಗುರುಶಾಂತಪ್ಪ ಕಟ್ಟೆಗೆ ಬಂದರು. ಅವರು ಕಟ್ಟೆಗೆ ಬರುವುದೇ ಅಪರೂಪ. ಮುಖ ಅರಳಿತ್ತು. ಆಗಿದ್ದು ಇಷ್ಟೇ. ಆ ಹದಿನೈದು ದಿನ ಹೆಂಗಸರು ಇಳಿಸಿದ ಉಪ್ಪು ಕಾಟಾದ ಮೇಲೆ ಕಡಿಮೆ ತೂಗಿತ್ತು. ಆದರೆ ಗೋದಾಮಿನಿಂದ ಹಮಾಲರು ಅದೇ ಉಪ್ಪನ್ನು ಮತ್ತೆ ತೂಗಿ ಲಾರಿಗೆ ಏರಿಸಿದಾಗ, ಹಮಾಲರು ಗಂಡಸರಲ್ಲವೇ, ಪೂರ್ತಿ ತೂಗಿತು. ಕೊಡುವಾಗ ಕಡಿಮೆ, ಮಾರುವಾಗ ಪೂರ್ತಿ. ಸಾವಕಾರರ ಮನೆಯಲ್ಲಿ ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆಯದ ಸಂಗತಿಯನ್ನು ಮೇಡಂ ತೋರಿಸಿಕೊಟ್ಟು ಹೋಗಿದ್ದಳು.

“ನೋಡ್ರವಾ, ನಿಮಗ ನೀವ ಛಲೋ ರೂಢಿ ಮಾಡಿಕೊಂಡೀರಿ” ಎಂದರು. “ಇನ್ನ ಮ್ಯಾಲೆ ಕೈಬದಲಿ ಇಲ್ಲ. ಹೊತ್ತಾಕಿನ ಇಳಸಬೇಕು. ನೀವ ಬೇಡಿದ್ದಲ್ಲೇನ್ ಇದು?”

ಅಂದು ಸಂಜೆ ಬಾವಿಯ ಹತ್ತಿರ ಹೆಂಗಸರು ಹುಲಿಗೆವ್ವನ ಮೇಲೆ ಬಿದ್ದರು. “ನಿನ್ನ ಹಟ ನಿನ್ನ ಹತ್ರಾನ ಇಟಗೋಬಾರದಿತ್ತೇನು? ಎಲ್ಲಾರ ಕೊರಳಿಗೂ ಕಟ್ಟಿದಿ.” ಅವಳು ಕೊಡ ತುಂಬಿಕೊಳ್ಳುತ್ತ ಬೈಸಿಕೊಂಡಳು. ಅತ್ತದ್ದನ್ನು ನಾನು ನೋಡಲಿಲ್ಲ.

ಸಾವಕಾರರು ನನ್ನನ್ನು ಕರೆಸಿದರು. ಅಂಗಡಿಯ ಜಗಲಿಯ ಮೇಲೆ ಕೂಡಿಸಿ ಚಹಾ ಕೊಡಿಸಿದರು. “ದ್ಯಾಮಪ್ಪ, ನಿನ್ನ ಹೊಟ್ಟಿ ಮ್ಯಾಲೆ ಹೊಡಿಯೂದು ನನಗ ಮನಸ್ಸಿಲ್ಲ. ಗಂಡ ಇಲ್ಲದ ಹೆಂಗಸರಿಗೆ ನೀ ಮೊದಲಿನಂಗ ಕೈ ಕೊಡು. ಧರ್ಮಕ್ಕ ಅಂತ ಬಿಡ್ತೇನಿ. ಉಳದವರು ತಾವ ಇಳಸ್ಲಿ.”

ಸಾವಕಾರರಿಗೆ ಬುದ್ಧಿ ಇದೆ. ಅರ್ಧ ಹೆಂಗಸರಿಗೆ ಪೂರ್ತಿ ತೂಕ, ಅರ್ಧ ಹೆಂಗಸರಿಗೆ ಕಡಿಮೆ. ಒಬ್ಬರ ಮುಖ ಒಬ್ಬರು ನೋಡಲಾರರು. ಅದು ನನಗೆ ಗೊತ್ತಾಯಿತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಅದಲ್ಲ. ನಾಳೆ ಕರೆವ್ವ ಬುಟ್ಟಿ ಚಾಚುತ್ತಾಳೆ, ಅವಳ ಬೆರಳು ತಾಗುತ್ತದೆ, ಸೊಂಟ ನೋವೋ ಮೊಮ್ಮಗನ ಜ್ವರವೋ ಏನಾದರೂ ಹೇಳುತ್ತಾಳೆ ಎಂಬುದೇ ಇತ್ತು. ಸುಳ್ಳು ಏಕೆ ಹೇಳಲಿ, ಹೆಜ್ಜೆ ಹಗುರವಾಗಿತ್ತು.

ಬೆಳಿಗ್ಗೆ ಹಲಗೆಯ ತುದಿಯಲ್ಲಿ ನಿಂತೆ. ಕೈ ಮುಂದೆಯೇ ಇದ್ದವು. ಮೊದಲು ಬಂದವಳು ಹುಲಿಗೆವ್ವ. ಕಟ್ಟೆಯನ್ನೇನೋ ಏರಿದಳು, ಆದರೆ ಬುಟ್ಟಿ ಇಳಿಸಲಿಲ್ಲ. ಕಾಟಾದ ಮುಂದೆ ತಲೆಯ ಮೇಲೆ ಹೊತ್ತುಕೊಂಡೇ ನಿಂತಳು.

“ಇಳಸವ್ವಾ” ಎಂದ ಬಸಲಿಂಗಪ್ಪ.

“ಇಳಸೂದು ಕೆಲಸ. ನಾವು ಕೆಲಸ ಮಾಡೂದಿಲ್ಲಲ್ಲ, ಬರೇ ಹೊರ್ತೇವಿ. ಊರಾಗ ಯಾರನ್ನ ಬೇಕಾದ್ರೂ ಕೇಳು.”

ಹಿಂದೆ ಬಂದವಳು ಅವಳ ಮುಖ ನೋಡಿದಳು. ನಿನ್ನೆ ಬಾವಿಯ ಹತ್ತಿರ ಎಲ್ಲರಿಗಿಂತ ಜೋರಾಗಿ ಬೈದವಳು ಅವಳೇ. ಅವಳೂ ಪಕ್ಕದಲ್ಲಿ ನಿಂತಳು. ಅವಳ ಹಿಂದಿನವಳೂ ನಿಂತಳು. ಸಾಲು ಕಟ್ಟೆಯಿಂದ ಏರಿಯವರೆಗೆ ಬೆಳೆಯಿತು, ಎಲ್ಲರ ತಲೆಯ ಮೇಲೂ ಬುಟ್ಟಿ. ಉಪ್ಪಿನ ನೀರು ಸೋರಿ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಸೂರ್ಯ ಮೇಲೆ ಬಂದ. ಲಾರಿಯವನು ಹಾರನ್ ಹೊಡೆದು ಹೊಡೆದು ಸುಮ್ಮನಾದ. ಬೇವಿನ ಕೆಳಗಿನವರು ಎದ್ದು ನಿಂತರು. ಅವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರೆವ್ವನ ಕುತ್ತಿಗೆ ನಡುಗತೊಡಗಿತು. ಅವಳು ನಿಂತದ್ದು ನನ್ನ ಎದುರಿಗೇ. ಸಾವಕಾರರು ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದರು. “ದ್ಯಾಮಪ್ಪ, ಇಸಗೋ ಮುದುಕಿದು. ಸಾಯ್ತಾಳ ಅಕಿ” ಎಂದು ಕೂಗಿದರು. ಒಂದು ಬುಟ್ಟಿ ಕಾಟಾದ ಮೇಲೆ ಬಿದ್ದರೆ ಉಳಿದವೂ ಬೀಳುತ್ತವೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕರೆವ್ವ ಬುಟ್ಟಿ ಚಾಚಿದಳು. ಬೈಯಲಿಲ್ಲ. “ಹಿಡಿಯಪ್ಪಾ” ಎಂದಳು.

ಹಿಡಿದೆ. ಅವಳ ಬೆರಳು ತಣ್ಣಗಿದ್ದವು. ಕಾಟಾ ನಾಲ್ಕೇ ಹೆಜ್ಜೆ ದೂರದಲ್ಲಿತ್ತು, ಆ ಹೆಜ್ಜೆಗಳು ನನ್ನ ಕಾಲಿಗೆ ಕಣ್ಣು ಮುಚ್ಚಿದರೂ ಬರುತ್ತಿದ್ದವು. ಕಾಲು ಎದ್ದಿತ್ತು ಕೂಡ. ಆಗ ಬುಟ್ಟಿಯನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಕರೆವ್ವ ಬಿಟ್ಟ ಜಾಗದಲ್ಲಿ ಹೋಗಿ ನಿಂತೆ.

ಅಷ್ಟು ವರ್ಷ ಉಪ್ಪಿನ ನಡುವೆ ಇದ್ದೂ ನಾನು ಒಂದು ಬುಟ್ಟಿಯನ್ನು ತಲೆಯ ಮೇಲೆ ಹೊತ್ತವನಲ್ಲ. ತಲೆಗೆ ಬಟ್ಟೆಯ ಸಿಂಬೆಯೂ ಇರಲಿಲ್ಲ. ಅದು ಭಾರ ಎಂದಷ್ಟೇ ತಿಳಿದಿದ್ದೆ. ಅದು ಕುತ್ತಿಗೆಯೊಳಗೆ ಇಳಿದು ಬೆನ್ನಿಗೆ ಹೋಗಿ ನಿಲ್ಲುತ್ತದೆಂದು ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೇವಿನ ಕೆಳಗಿನಿಂದ ಒಬ್ಬ ಬಂದು ಹೆಂಡತಿಯ ಬುಟ್ಟಿ ಇಸಿದುಕೊಂಡು ತಲೆಯ ಮೇಲಿಟ್ಟುಕೊಂಡ. “ಯವ್ವಾ ನನ್ನವ್ವಾ!” ಎಂದ, ಅಷ್ಟೇ. ಆಮೇಲೆ ಇನ್ನೊಬ್ಬ. ಯಾರೂ ಇಳಿಸಲಿಲ್ಲ.

ಹೊತ್ತು ಇಳಿಯುವಾಗ ಸಾವಕಾರರು ಜಗಲಿಯಿಂದ ಇಳಿದು ಬಂದು, “ಬುಟ್ಟಿ ಲೆಕ್ಕ. ಆತಲ್ಲ? ಇಳಸ್ರಿ ಈಗ, ಸಾಕು” ಎಂದರು. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಎಲ್ಲರಿಗೂ ಕುತ್ತಿಗೆ ನೋವಾಗಿತ್ತು.

ಕಾಟಾವನ್ನು ಗೋದಾಮಿನ ಮೂಲೆಗೆ ಸರಿಸಿದರು. ಬಸಲಿಂಗಪ್ಪ ಈಗ ಬುಟ್ಟಿ ಎಣಿಸುತ್ತಾನೆ. ಬೇವಿನ ಕೆಳಗೆ ಮಲಗುವವರು ಯಾರೂ ಇಲ್ಲ. ಕೆಲವರು ಮಡಿಗೆ ಇಳಿದರು, ಕೆಲವರು ಹಮಾಲಿಗೆ ಹೋದರು, ಕೆಲವರು ಮನೆಯಲ್ಲಿ ಕಸ ಹೊಡೆಯುವುದನ್ನು ಕಲಿತರು. ಮೇಡಂ ಮತ್ತೆ ಬರಲಿಲ್ಲ. ದೊಡ್ಡ ಸಭೆಯಲ್ಲಿ ನಮ್ಮೂರ ಸಂಗತಿ ಹೇಳಿದಳಂತೆ, ಆ ಊರು ಎಲ್ಲಿದೆ ಎಂದು ಅಲ್ಲಿದ್ದವರು ಕೇಳಿದರಂತೆ, ತೋರಿಸಲು ಅವಳಿಗೆ ಆಗಲಿಲ್ಲವಂತೆ. ಕೆಲಸ ಎಂಬ ಮಾತು ಈಗ ಕೆರೆಯುವುದಕ್ಕೂ ನಡೆಯುತ್ತದೆ, ಹೊರುವುದಕ್ಕೂ ನಡೆಯುತ್ತದೆ. ನಮ್ಮಂಥ ಹಳಬರ ಬಾಯಿಗೆ ಮಾತ್ರ ಅದು ಸರಿಯಾಗಿ ಕೂರುವುದಿಲ್ಲ.

ಮೊದಲ ಕೆಲವು ದಿನ ನಾನು ಹಲಗೆಯ ತುದಿಯಲ್ಲಿ ಹೋಗಿ ನಿಂತೆ. ಹೆಂಗಸರು ದಾರಿ ಬಿಡು ಎನ್ನಲಿಲ್ಲ, ಸುತ್ತಿ ಹೋದರು. ಯಾರಿಗೂ ನನ್ನ ಮೇಲೆ ಸಿಟ್ಟಿಲ್ಲ. ಕರೆವ್ವ ಒಂದು ದಿನ ಬುಟ್ಟಿ ಇಳಿಸಿ ಬರುತ್ತ ನನ್ನ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದಳು. ನನ್ನ ಕೈಗೆ ಕೊಡಲು ಏನೂ ಇರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಹೋದಳು. ಆ ಮಳೆಗಾಲದಲ್ಲೇ ತೀರಿಕೊಂಡಳು. ಅವಳಿಗೆ ಏನಾಗಿತ್ತೆಂದು ನನಗೆ ಕಡೆಯವರೆಗೂ ತಿಳಿಯಲಿಲ್ಲ.

ಆಮೇಲೆ ನಾನೂ ಒಂದು ಬುಟ್ಟಿ ತಂದೆ. ಈ ವಯಸ್ಸಿನಲ್ಲಿ ಅರ್ಧ ದಿನ ಹೊರುತ್ತೇನೆ. ಹೆಂಗಸರ ಸಾಲಿನಲ್ಲಿ ನಡುವೆ ಎಲ್ಲೋ ನಡೆಯುತ್ತೇನೆ. ಮುಂದಿನವಳು ಹಿಂದಿನವಳಿಗೆ ತನ್ನ ಮನೆಯದೆಲ್ಲ ಹೇಳುತ್ತಾಳೆ, ಮೊದಲಿನಿಂದ ಕಡೆಯವರೆಗೆ, ಒಂದೂ ಬಿಡದೆ. ಮಾತು ನನ್ನ ತಲೆಯ ಮೇಲಿನಿಂದ ಹಾದು ಹೋಗುತ್ತದೆ. ಈಗ ಸಂಜೆ ಜೋಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಬೇಗ ಮಲಗುತ್ತೇನೆ.

ನಿನ್ನೆ ಹಲಗೆಯ ತುದಿಗೆ ಬಂದಾಗ ಕುತ್ತಿಗೆ ಹಿಡಿದುಕೊಂಡಿತು. ಬುಟ್ಟಿಯನ್ನು ತಲೆಯಿಂದ ತೆಗೆದು ಎರಡೂ ಕೈಯಲ್ಲಿ ಮುಂದೆ ಚಾಚಿದ್ದೆ, ಯಾಕೆಂದು ನನಗೇ ತಿಳಿಯದು. ಅಲ್ಲಿ ಯಾರೂ ಇರಲಿಲ್ಲ.

“ಕುತ್ತಿಗಿ ನೋಯ್ತದ” ಎಂದೆ.

“ಯಾರಿಗೆ ಹೇಳಿದಿ ದ್ಯಾಮಣ್ಣ?” ಹಿಂದೆ ಹುಲಿಗೆವ್ವ ಇದ್ದಳು. ನಾನು ನೋಡಿರಲಿಲ್ಲ.

“ಯಾರಿಗೂ ಇಲ್ಲ ಬಿಡವ್ವಾ.”

“ಎಲ್ಲಾರಿಗೂ ನೋಯ್ತದ” ಎಂದಳು. “ಇಳಸು. ಹಿಂದ ಸಾಲೈತಿ.”

ಇಳಿಸಿದೆ.